ಸೊಪ್ಪಿನ ಅಂಟು

ಚೆಲುವರಾಜು ಮೇಷ್ಟ್ರ ಬಾಯಿಂದ ನನಗೆ ಒಂದೇ ಒಂದು ಮಾತು ಬರಬೇಕಿತ್ತು. ಅದಕ್ಕೆ ಒಂದು ವರ್ಷ ಕಾದೆ. ಕಾದೆ ಅಂದರೆ ಕೈಕಟ್ಟಿ ಕೂತೆ ಅಂತಲ್ಲ, ಹಲ್ಲು ಕಚ್ಚಿಕೊಂಡು ಕಾದೆ. ಬೆಳಗ್ಗೆ ಪ್ರಾರ್ಥನೆಗೆ ನಿಂತಾಗಲೂ ಮಧ್ಯಾಹ್ನ ಬಿಸಿಯೂಟಕ್ಕೆ ತಟ್ಟೆ ಹಿಡಿದು ಕೂತಾಗಲೂ ಆ ಮನುಷ್ಯನ ಬಿಳೀ ಶೂ ನನ್ನ ಕಣ್ಣ ಮುಂದೆಯೇ ಇರುತ್ತಿತ್ತು.

ನಾನು ಸಿಂಧು. ಗುರುಪುರದ ಹತ್ತಿರ ಬೀರನಕೊಪ್ಪಲು ನಮ್ಮೂರು. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸು, ಹೆಣ್ಣುಮಕ್ಕಳ ಕಬಡ್ಡಿ ಟೀಮಿಗೆ ಕ್ಯಾಪ್ಟನ್. ನಮ್ಮ ಶಾಲೆಯ ಗೇಟಿನ ಮೇಲೆ ‘ತಂಬಾಕು ಮುಕ್ತ ಶಾಲೆ’ ಅಂತ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದಾರೆ. ಗೇಟು ದಾಟಿ ರಸ್ತೆಗಿಳಿದರೆ ಕಣ್ಣು ಹಾಯಿಸಿದಷ್ಟು ದೂರ ಹೊಗೆಸೊಪ್ಪಿನ ಹೊಲ. ಮಕ್ಕಳು ಸೊಪ್ಪು ಮುಟ್ಟಬಾರದು ಅಂತ ಹೆಡ್‌ಮೇಷ್ಟ್ರು ಪೋಷಕರ ಸಭೆಯಲ್ಲಿ ಹೇಳುತ್ತಾರೆ. ನಮ್ಮವ್ವ ‘ಊಂ ಸಾ’ ಅಂತ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಾಳೆ. ಮಾರನೇ ದಿನ ಕೋಳಿ ಕೂಗುವಾಗ ನನ್ನ ಕಂಬಳಿ ಎಳೆದು ಎಬ್ಬಿಸುತ್ತಾಳೆ.

ಅವ್ವನ ತಪ್ಪೇನೂ ಇಲ್ಲ. ಹೊಲದಿಂದ ಮುರಿದು ತಂದ ಸೊಪ್ಪನ್ನು ಬೇಗ ಬೇಗ ಕಡ್ಡಿಗೆ ಕಟ್ಟಿ, ಬ್ಯಾರನ್ನಿನ, ಅಂದರೆ ಸೊಪ್ಪು ಹದ ಮಾಡುವ ಗೂಡಿನ, ಒಳಗೆ ಸಾಲಾಗಿ ಏರಿಸಿ, ಕೆಳಗೆ ಬೆಂಕಿ ಹಾಕಬೇಕು. ತಡವಾದರೆ ಸೊಪ್ಪು ರಾಶಿಯಲ್ಲೇ ಕಾವು ಹಿಡಿದು ಹಾಳಾಗುತ್ತದೆ. ಒಂದು ಮನೆಯ ಕೈ ಅದಕ್ಕೆ ಸಾಲದು. ಹಾಗಾಗಿ ನಮ್ಮೂರಲ್ಲಿ ಮುಯ್ಯಾಳು ನಡೆಯುತ್ತದೆ. ಇವತ್ತು ನಾನು ನಿಮ್ಮ ಬ್ಯಾರನ್ನಿಗೆ ಬಂದು ಸೊಪ್ಪು ಕಟ್ಟಿದರೆ, ನಾವು ಕರೆದ ದಿನ ನಿಮ್ಮ ಮನೆಯಿಂದ ಒಬ್ಬರು ಬರಬೇಕು. ಹೆಂಗಸಿಗೆ ಹೆಂಗಸು, ಹುಡುಗಿಗೆ ಹುಡುಗಿ. ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಜ್ವರ ಬಂದು ಮಲಗಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಕರೆದ ದಿನ ಬರಲೇಬೇಕು. ಬರದ ಮನೆಗೆ ಮತ್ತೆ ಯಾರೂ ಹೋಗುವುದಿಲ್ಲ.

ಸೊಪ್ಪು ಕಟ್ಟಿದವರ ಕೈ ನೀವು ನೋಡಿರಬೇಕು. ಎಲೆಯ ಮೇಲಿನ ಅಂಟು ಅಂಗೈಗೆ, ಬೆರಳ ಸಂದಿಗೆ ಹತ್ತಿಕೊಳ್ಳುತ್ತದೆ. ಮೊದಲು ಹಳದಿ, ಆಮೇಲೆ ಹಸಿರು, ಬಿಸಿಲಿಗೆ ಬಂದರೆ ಕಡುಕಪ್ಪು. ಸೋಪು ಹಾಕಿ ಉಜ್ಜಿದರೆ ಚರ್ಮ ಕಿತ್ತು ಬರಬೇಕೇ ಹೊರತು ಅದು ಬರುವುದಿಲ್ಲ. ಅದಕ್ಕೆ ಮದ್ದು ಟೊಮೆಟೊ ಕಾಯಿ. ಹಣ್ಣಾಗಿದ್ದರೆ ಉಪಯೋಗವಿಲ್ಲ, ಹಸಿರು ಕಾಯೇ ಬೇಕು. ಅದನ್ನು ಹಿಸುಕಿ ಅಂಗೈಗೆ ಉಜ್ಜಿದರೆ ಅಂಟು ನೊರೆನೊರೆಯಾಗಿ ಇಳಿದುಹೋಗುತ್ತದೆ. ಇದಕ್ಕೆಂದೇ ನಮ್ಮವ್ವ ಬ್ಯಾರನ್ನಿನ ಪಕ್ಕ ಒಂದು ಸಾಲು ಟೊಮೆಟೊ ಗಿಡ ಹಾಕಿದ್ದಾಳೆ.

ಹೋದ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟದ ದಿನ ನಮ್ಮ ಟೀಮಿನ ಏಳೂ ಹುಡುಗಿಯರು ಬೆಳಗ್ಗೆ ಸೊಪ್ಪು ಕಟ್ಟಿಯೇ ಬಂದಿದ್ದೆವು. ಕೈಗಳ ಕಡೆ ಯಾರಿಗೆ ಗಮನ? ಟೆಂಪೋ ಬಂತು, ಹತ್ತಿದೆವು. ಫೈನಲ್ಲು ಹಳದಿ ಬಸ್ಸಿನ ಸ್ಕೂಲಿನ ಮೇಲೆ. ಅದು ಹುಣಸೂರು ರಸ್ತೆಯ ಒಂದು ಖಾಸಗಿ ಶಾಲೆ, ನಾವು ಕರೆಯುವುದು ಹಾಗೆ. ಚೆಲುವರಾಜು ಅಲ್ಲಿನ ಆಟದ ಮೇಷ್ಟ್ರು. ಅವರ ಹುಡುಗಿಯರು ಹತ್ತಿರ ಬಂದರೆ ಸೋಪಿನ ವಾಸನೆ. ನಾವು ಅರ್ಧ ಆಟಕ್ಕೇ ಅವರನ್ನು ಮಣ್ಣು ಮುಕ್ಕಿಸಿದ್ದೆವು. ಮೂಲೆಯಲ್ಲಿ ನಿಂತ ನಮ್ಮ ಗೌತಮಿ ಹಿಡಿದ ಕಾಲನ್ನು ಬಿಟ್ಟವಳೇ ಅಲ್ಲ. ಗೌತಮಿ ಅಂದರೆ ನಮ್ಮ ಮನೆಯ ಎದುರು ಮನೆಯವಳು, ನನ್ನ ಜೀವದ ಗೆಳತಿ. ಆಗ.

ಅಷ್ಟರಲ್ಲಿ ಚೆಲುವರಾಜು ಮೇಷ್ಟ್ರು ಅಂಕಣದೊಳಕ್ಕೇ ನುಗ್ಗಿದರು.

“ಆಟ ನಿಲ್ಸಿ ಸಾರ್. ಈ ಹುಡ್ಗೀರ ಕೈ ನೋಡಿ. ಅಂಟು ಬಳ್ಕೊಂಡು ಬಂದವ್ರೆ. ಹಿಡಿದ್ರೆ ಬಿಡಿಸ್ಕೊಳೋಕೆ ಆಗಲ್ಲ. ಇದು ಮೋಸ.”

ಅಂಪೈರು ಕಂಠಪ್ಪ ಮೇಷ್ಟ್ರು ಕೆ.ಆರ್. ನಗರದ ಆಚೆ ಭೇರ್ಯದ ಕಡೆಯವರು. ನಾಲೆ ನೀರು, ಭತ್ತದ ಗದ್ದೆ ಬಿಟ್ಟರೆ ಬೇರೆ ಬೆಳೆ ಕಂಡವರಲ್ಲ. ನನ್ನ ಅಂಗೈ ಮುಟ್ಟಿ ನೋಡಿ ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು.

“ಸೊಪ್ಪು ಕಟ್ಟಿದ್ದು ಸಾರ್, ಹೊಗೆಸೊಪ್ಪು,” ಅಂದೆ ನಾನು. “ಬೇಕಾದ್ರೆ ಆ ಸಾರನ್ನೇ ಕೇಳಿ.”

ಕಂಠಪ್ಪ ಮೇಷ್ಟ್ರು ಕೇಳಿಯೂ ಕೇಳಿದರು. ಚೆಲುವರಾಜು ಮೇಷ್ಟ್ರು ಪಿರಿಯಾಪಟ್ಟಣದ ಕಡೆಯವರು. ಅವರಪ್ಪನ ಹೊಲದಲ್ಲಿ ಎರಡು ಬ್ಯಾರನ್ನು ಇರುವುದು ಇಡೀ ಹೋಬಳಿಗೆ ಗೊತ್ತು. ಆ ಅಂಟಿನಲ್ಲೇ ಹುಟ್ಟಿ ಬೆಳೆದ ಮನುಷ್ಯ ನನ್ನ ಮುಖ ನೋಡಿಕೊಂಡೇ ಹೇಳಿದರು: “ನಂಗೇನ್ ಗೊತ್ತು ಸಾರ್? ಅಂಟು ಅಂದ್ರೆ ಅಂಟು.”

ಆಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ, ಮೊಬೈಲಿನಲ್ಲಿ ಫೋಟೊ ತೆಗೆದರು. ಆ ಫೋಟೊ ಎಲ್ಲಾ ಶಾಲೆಯ ಮೇಷ್ಟ್ರುಗಳ ಗ್ರೂಪಿಗೆ ಹೋಯಿತು. ನಮ್ಮನ್ನು ಆಟದಿಂದ ಹೊರಗೆ ಹಾಕಿದರು, ಗೆದ್ದವರ ಕಪ್ಪು ಅವರಿಗೆ ಕೊಟ್ಟರು. ನಮ್ಮನ್ನು ಕರೆದುಕೊಂಡು ಬಂದಿದ್ದ ನಮ್ಮ ಶಾಲೆಯ ವಸಂತ್ ಮೇಷ್ಟ್ರು ಸಪ್ಪಗೆ ನಿಂತು “ತಪ್ಪಾಯ್ತು ಸಾರ್, ಮಕ್ಕಳು” ಅಂದರು. ಯಾವ ತಪ್ಪು? ನನಗೆ ಆ ಕ್ಷಣ ವಸಂತ್ ಮೇಷ್ಟ್ರ ಮೇಲೂ ಉರಿದುಹೋಯಿತು. ತಪ್ಪಾಯ್ತು ಅಂದವರು ಅವರು, ನಾನಲ್ಲ.

ಅಂದಿನಿಂದ ನಮಗೆ ‘ಅಂಟು ಟೀಮು’ ಅಂತ ಹೆಸರು. ಸಂತೆಗೆ ಹೋದರೆ ಬೇರೆ ಊರಿನ ಹುಡುಗರು ಅಂಗೈ ಎತ್ತಿ ತೋರಿಸಿ ನಗುತ್ತಿದ್ದರು. ಪ್ರತಿಭಾ ಕಾರಂಜಿಗೆ ಜನಪದ ಗೀತೆ ಹಾಡಲು ಹೋದರೆ ಅಲ್ಲೂ ಯಾರೋ ‘ಮೈಕಿಗೆ ಅಂಟ್ಕೊಂಡೀರ, ಉಷಾರು’ ಅಂದರು. ಅವತ್ತೇ ನಾನು ತೀರ್ಮಾನ ಮಾಡಿದೆ. ಕಪ್ಪು ಬೇಡ, ಕ್ಷಮೆಯೂ ಬೇಡ. ‘ಇದು ಸೊಪ್ಪಿನ ಅಂಟು, ಮೋಸ ಅಲ್ಲ’ ಅನ್ನುವ ಮಾತನ್ನು ಅದೇ ಮೈದಾನದಲ್ಲಿ, ಅದೇ ಜನರ ಎದುರು, ಅದೇ ಬಾಯಿಂದ ಆಡಿಸಬೇಕು.

ಈ ವರ್ಷ ಶಾಲೆ ಶುರುವಾದ ವಾರವೇ ಚೆಲುವರಾಜು ಮೇಷ್ಟ್ರು ನಮ್ಮೂರಿಗೆ ಬೈಕಿನಲ್ಲಿ ಬಂದರು. ಗೌತಮಿಯ ಮನೆ ಜಗುಲಿಯಲ್ಲಿ ಕೂತು ಟೀ ಕುಡಿದರು. ಗೌತಮಿ ಅವರ ಶಾಲೆಗೆ ಸೇರಿದರೆ, ಕಬಡ್ಡಿ ಟೀಮಿನಲ್ಲಿ ಇರುವ ತನಕ ಫೀಸಿಲ್ಲ. ಬಸ್ಸು, ಬಟ್ಟೆ, ಶೂ ಎಲ್ಲ ಅವರದೇ. ಪುಷ್ಪತ್ತೆ, ಅಂದರೆ ಗೌತಮಿಯ ಅವ್ವ, ಖುಷಿಗೆ ಕಣ್ಣೀರೇ ಹಾಕಿಬಿಟ್ಟಳು.

ನಾನು ಗೌತಮಿಯನ್ನು ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿದೆ. “ನಿನ್ ಕೈನೂ ಫೋಟೊ ತೆಗ್ದಿರ್ಲಿಲ್ವೇನೆ ಆ ಮೇಷ್ಟ್ರು? ನಾಚ್ಕೆ ಆಗಲ್ವಾ?”

“ನಾಚ್ಕೆ ತಕ್ಕೊಂಡು ಏನ್ ಮಾಡನೆ?” ಅಂದಳು ಅವಳು ಕೊಡದ ಕಡೆ ನೋಡುತ್ತಾ. “ಅಲ್ಲಿ ಹತ್ನೇ ಕ್ಲಾಸ್ ಗಂಟ ಓದ್ಬೋದು. ನಿಂಗೆ ಸೇರ್ಕೊ ಅಂದಿದ್ರೆ ನೀನು ಓಗ್ತಿರ್ಲಿಲ್ವಾ?”

“ಅವ್ರ ಮಕಕ್ಕೆ ಉಗುದ್ ಬತ್ತಿದ್ದೆ.”

“ನಿನ್ನ ಕರೀಲಿಲ್ಲ, ಅದುಕ್ಕೆ ಅಂಗಂತೀಯ,” ಅಂದು ಕೊಡ ಎತ್ತಿಕೊಂಡು ಹೋದಳು. ನಾವು ಮಾತು ಬಿಟ್ಟಿದ್ದು ಹಾಗೆ.

ಆ ಮಾತು ನನ್ನ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಬೆಳಗ್ಗೆ ಬೆಳಗ್ಗೆ ಹಳದಿ ಬಸ್ಸು ಹಾರ್ನು ಹೊಡೆಯುವುದು, ಅವಳು ಬಿಳೀ ಶೂ ಹಾಕಿಕೊಂಡು ಓಡುವುದು, ನಾನು ಜಗುಲಿಯಲ್ಲಿ ಕೂತು ನೋಡುವುದು. ಹಾಗೆ ನೋಡುತ್ತಿದ್ದಾಗಲೇ ಒಂದು ದಿನ ಕಂಡಿತು: ಶೂ ಬಿಳಿ, ಆದರೆ ಕೈ? ಅವಳು ಈಗಲೂ ಬೆಳಗ್ಗೆ ಸೊಪ್ಪು ಕಟ್ಟಿ, ಟೊಮೆಟೊ ಕಾಯಿ ಉಜ್ಜಿ ತೊಳೆದುಕೊಂಡೇ ಬಸ್ಸು ಹತ್ತುತ್ತಿದ್ದಳು. ಅವರ ಹೊಲದಲ್ಲಿ ಟೊಮೆಟೊ ಇಲ್ಲ. ಪುಷ್ಪತ್ತೆ ನಮ್ಮ ಗಿಡದಿಂದಲೇ ಕಿತ್ತುಕೊಂಡು ಹೋಗುತ್ತಿದ್ದಳು.

ಹೋಬಳಿ ಕ್ರೀಡಾಕೂಟದ ದಿನ ಗೌತಮಿಯ ಕೈ ತುಂಬ ಅಂಟಿದ್ದರೆ? ನಾನು ಎಲ್ಲರೆದುರು ಕೈ ನೋಡಿ ಅಂತ ಕೇಳಿದರೆ? ಆಗ ಚೆಲುವರಾಜು ಮೇಷ್ಟ್ರಿಗೆ ಎರಡೇ ದಾರಿ. ತಮ್ಮ ಟೀಮು ಮೋಸದ ಟೀಮು ಅಂತ ಒಪ್ಪಿಕೊಂಡು ಮನೆಗೆ ಹೋಗಬೇಕು. ಇಲ್ಲವೇ ಇದು ಸೊಪ್ಪಿನ ಅಂಟು, ಮೋಸ ಅಲ್ಲ ಅನ್ನಬೇಕು. ಯಾವುದಾದರೂ ನನಗೆ ಹಬ್ಬವೇ. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಹಿಂದಿನ ವಾರವಷ್ಟೇ ನಾನು ಗೌತಮಿ ಮನೆಯ ಬ್ಯಾರನ್ನಿಗೆ ಮುಯ್ಯಾಳು ಹೋಗಿದ್ದೆ. ಅವಳಿಗೆ ಹೊಸ ಶಾಲೆಯಲ್ಲಿ ಪ್ರಾಕ್ಟೀಸು ಅಂತ ಅವಳ ಬದಲು ನಾನು ಕೂತು ಕಟ್ಟಿದ್ದೆ. ಈಗ ನಮ್ಮ ಸೊಪ್ಪು ಮುರಿಯುವ ದಿನ ಬಂದಾಗ ಅವ್ವನ ಹತ್ತಿರ ಮೆಲ್ಲಗೆ ಮಾತು ತೆಗೆದೆ.

“ಅವ್ವ, ಶುಕ್ರವಾರ ಮುರ್ದು ಶನಿವಾರ ಬೆಳಗ್ಗೆಲೇ ಕಟ್ಟಿ ಮುಗ್ಸನ. ಗೌತಮಿನ ಕರಿ.”

“ಶನ್ವಾರ ನಿಮ್ಗೆ ಆಟ ಇಲ್ವೇನೆ? ಆ ಮಗೀಗೂ ಆಟ. ಪುಷ್ಪನೇ ಬರ್ಲಿ ಬುಡು.”

“ಓಗಿದ್ದು ನಾನು ತಾನೆ? ನನ್ ಬದ್ಲು ಅವಳೇ ಬರ್ಬೇಕು. ನಂಗೂ ಆಟ ಐತೆ, ನಾನು ಕಟ್ಟಲ್ವಾ? ಬಿಸ್ಲು ಬರೋದ್ರೊಳಗೆ ಮುಗ್ದೋಯ್ತದೆ.”

ಅವ್ವ ನನ್ನನ್ನು ಒಂದು ನಮೂನೆ ನೋಡಿದಳು. ಆದರೆ ಮಾತಿನಲ್ಲಿ ತಪ್ಪು ಹಿಡಿಯಲು ಏನೂ ಇರಲಿಲ್ಲ. ಸಂಜೆ ಬೀದಿಯಾಚೆಗೆ ನಿಂತು ಕೂಗಿ ಹೇಳಿದಳು. ಪುಷ್ಪತ್ತೆ “ಆಯ್ತು ಕಣಕ್ಕ, ಕಳುಸ್ತೀನಿ” ಅಂದಳು. ಮುಯ್ಯಾಳಿಗೆ ಇಲ್ಲ ಅನ್ನುವ ನಾಲಿಗೆ ನಮ್ಮೂರಲ್ಲಿ ಯಾರಿಗೂ ಇಲ್ಲ.

ಶುಕ್ರವಾರ ಸಂಜೆ ನಾನು ಗಿಡದಲ್ಲಿದ್ದ ಟೊಮೆಟೊ ಕಾಯಿಗಳನ್ನೆಲ್ಲ ಕಿತ್ತೆ. ಗೋಲಿಯಷ್ಟು ಸಣ್ಣದನ್ನೂ ಬಿಡಲಿಲ್ಲ. ಚೀಲಕ್ಕೆ ಹಾಕಿ ಶಾಲೆಯ ಬ್ಯಾಗಿನೊಳಗೆ ಇಟ್ಟೆ. ಇನ್ನೊಂದು ಕವರಿನಲ್ಲಿ ಒದ್ದೆ ಬಟ್ಟೆ ಸುತ್ತಿ ನಾಲ್ಕಾರು ಹಸಿ ಸೊಪ್ಪಿನ ಎಲೆಗಳನ್ನೂ ಇಟ್ಟುಕೊಂಡೆ. ಸೊಪ್ಪಿನ ಅಂಟು ಹೀಗಿರಲ್ಲ ಅಂತ ಯಾರಾದರೂ ವಾದಕ್ಕೆ ಬಂದರೆ ಅಲ್ಲೇ ಕೈಗೆ ಉಜ್ಜಿ ತೋರಿಸಬೇಕು, ಅದಕ್ಕೆ.

ಶನಿವಾರ ಗೌತಮಿ ಮಬ್ಬಿನಲ್ಲೇ ಬಂದಳು. ನನ್ನ ಎದುರಿಗೆ ಕೂತಳು. ಅವಳ ಕೈ ಮೊದಲಿನಷ್ಟೇ ಚುರುಕು. ಎರಡೆರಡು ಎಲೆ ತೆಗೆದು ದಾರ ಸುತ್ತಿ ಕಡ್ಡಿಗೆ ಬಿಗಿಯುವಾಗ ಕಣ್ಣು ಕೂಡ ಅತ್ತ ಹಾಕಬೇಕಿರಲಿಲ್ಲ. ಬೆಳಕು ಹರಿದಾಗ ಎದ್ದು ಗಿಡಗಳ ಸಾಲಿಗೆ ಹೋದಳು, ಬಗ್ಗಿ ಬಗ್ಗಿ ಹುಡುಕಿದಳು.

“ಟೊಮೆಟೊ ಎಲ್ಲೆ?” ಎರಡು ತಿಂಗಳ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

“ನೆನ್ನೆ ಸಾರಿಗೆ ಆಕ್ಬುಟ್ಟೊ ಕಣೆ.”

ಅಷ್ಟರಲ್ಲಿ ರಸ್ತೆಯಲ್ಲಿ ಹಳದಿ ಬಸ್ಸಿನ ಹಾರ್ನು. ತೊಟ್ಟಿಯ ನೀರಿನಲ್ಲಿ ಕೈ ಅದ್ದಿ, ಮಣ್ಣು ಹಾಕಿ ತಿಕ್ಕಿ, ಲಂಗಕ್ಕೆ ಒರೆಸಿಕೊಂಡು ಓಡಿದಳು. ಬಹುಶಃ ಹೆದರಲೂ ಇಲ್ಲ. ಹೋದ ವರ್ಷ ದೂರು ಹೇಳಿದವರು ಈಗ ಅವಳ ಪಕ್ಷದಲ್ಲೇ ಇದ್ದರಲ್ಲ.

ಮೈದಾನದಲ್ಲಿ ಜನ ಹೋದ ವರ್ಷಕ್ಕಿಂತ ಹೆಚ್ಚು. ಶಾಲೆ ಶಾಲೆಯ ಮಕ್ಕಳು, ಸೊಪ್ಪಿನ ಕೆಲಸ ಬಿಟ್ಟು ಬಂದ ಅಪ್ಪಂದಿರು, ಟಿಬೆಟ್ ಕ್ಯಾಂಪಿನಿಂದ ಬಂದು ಬೈಕು ನಿಲ್ಲಿಸಿಕೊಂಡು ನೋಡುತ್ತಿದ್ದ ಇಬ್ಬರು ಲಾಮಾಗಳು. ನಾವು ಏಳು ಜನ ನಲ್ಲಿಯ ಹತ್ತಿರ ಕಾಯಿ ಹಿಸುಕಿ ಕೈ ತೊಳೆದು ಪಳಪಳ ಮಾಡಿಕೊಂಡೆವು. ಅರ್ಧದಷ್ಟು ಕಾಯಿ ಬ್ಯಾಗಿನಲ್ಲೇ ಉಳಿದವು. ಸೆಮಿಫೈನಲ್ಲಿನಲ್ಲಿ ಗೌತಮಿ ಹಿಡಿದ ಒಂದು ಕಾಲೂ ತಪ್ಪಿಸಿಕೊಳ್ಳಲಿಲ್ಲ. ಚೆಲುವರಾಜು ಮೇಷ್ಟ್ರು ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಾ “ಬಿಡ್ಬೇಡ ಗೌತಮಿ, ಬಿಡ್ಬೇಡ!” ಅಂತ ಕೂಗುತ್ತಿದ್ದರು.

ಫೈನಲ್ಲಿಗೆ ನಾವು, ಅವರು. ಟಾಸಿಗೆ ನಿಂತಾಗ ಅಂಪೈರು ಮತ್ತೆ ಕಂಠಪ್ಪ ಮೇಷ್ಟ್ರೇ. ನಾನು ಒಂದು ಹೆಜ್ಜೆ ಮುಂದೆ ಬಂದೆ.

“ಸಾರ್, ಆಟಕ್ಕೆ ಮೊದ್ಲು ಎಲ್ರ ಕೈ ನೋಡಿ ಸಾರ್. ಹೋದ್ವರ್ಷ ನೋಡಿದ್ರಲ್ಲ, ಅಂಗೆ. ಮೊದ್ಲು ನಮ್ದೇ ನೋಡಿ.”

ಚೆಲುವರಾಜು ಮೇಷ್ಟ್ರು ನಕ್ಕರು. “ನೋಡ್ಲಿ ಬಿಡಿ ಸಾರ್. ಬುದ್ಧಿ ಬಂದಿದೆ ಇವರಿಗೆ.”

ನಮ್ಮ ಕೈ ತೊಳೆದ ತಟ್ಟೆಯ ಹಾಗಿದ್ದವು. ಆಮೇಲೆ ಅವರ ಸಾಲು. ಒಬ್ಬಳು, ಇನ್ನೊಬ್ಬಳು, ಮತ್ತೊಬ್ಬಳು. ಕೊನೆಗೆ ಗೌತಮಿ. ಅವಳು ಕೈ ಚಾಚಲಿಲ್ಲ. ಕಂಠಪ್ಪ ಮೇಷ್ಟ್ರೇ ಮುಷ್ಟಿ ಬಿಡಿಸಿ ನೋಡಿದರು. ಕಡುಕಪ್ಪು. ಸೆಮಿಫೈನಲ್ಲಿನ ಧೂಳೆಲ್ಲ ಅದಕ್ಕೇ ಮೆತ್ತಿಕೊಂಡಿತ್ತು.

ನಾನು ಚೆಲುವರಾಜು ಮೇಷ್ಟ್ರ ಬಾಯನ್ನೇ ನೋಡುತ್ತಿದ್ದೆ. ಈಗ ಬರಬೇಕು, ಈಗ. ಅವರು ಆ ಕೈ ನೋಡಿದರು, ನನ್ನನ್ನು ನೋಡಿದರು, ಎಲ್ಲ ಅರ್ಥವಾಯಿತು ಅವರಿಗೆ. ಆಮೇಲೆ ನಾನು ಕನಸಿನಲ್ಲೂ ಎಣಿಸದ ಮೂರನೆಯ ದಾರಿಯೊಂದನ್ನು ಹಿಡಿದರು.

“ಏನೇ ಇದು? ಎಷ್ಟು ಶೂ ಕೊಡ್ಸಿ ಎಷ್ಟು ಬಟ್ಟೆ ಕೊಡ್ಸಿದ್ರೂ ನಿಮ್ಮ ಊರಿನ ಬುದ್ಧಿ ಬಿಡಲ್ವಲ್ಲ ನೀವು! ಸಾರ್, ಇದಕ್ಕೂ ನಮ್ಮ ಶಾಲೆಗೂ ಸಂಬಂಧ ಇಲ್ಲ. ಇವಳೊಬ್ಬಳ ಮೋಸ. ಟೀಮಿಂದ ತೆಗೆದಿದೀನಿ, ಬೇರೆಯವಳನ್ನ ಇಳಿಸ್ತೀನಿ. ಏಯ್, ಹೋಗು, ಆ ಮರದ ಕೆಳಗೆ ಕೂತ್ಕೊ.”

ಗೌತಮಿ ಹೋದಳು. ಹೊಂಗೆ ಮರದ ಕೆಳಗೆ ಕೂತು ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಜನ ಅವಳ ಕಡೆ ಬೆರಳು ಮಾಡಿದರು. ನನಗೆ ಅಯ್ಯೋ ಪಾಪ ಅನಿಸಿತು, ಸುಳ್ಳು ಹೇಳುವುದಿಲ್ಲ. ಅದರ ಜೊತೆಗೇ ‘ಈಗ ಗೊತ್ತಾಯ್ತಾ ನಿಂಗೆ ಆ ಮನುಷ್ಯ ಏನು ಅಂತ’ ಅನ್ನುವ ಸಂತೋಷವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಅಂತ ನೋಡಿಕೊಳ್ಳಲು ಹೊತ್ತಿರಲಿಲ್ಲ, ಸೀಟಿ ಊದಿದರು.

ಮೂಲೆಯಲ್ಲಿ ಗೌತಮಿ ಇಲ್ಲದ ಆ ಟೀಮು ಬಾಗಿಲಿಲ್ಲದ ಮನೆ. ನಾನು ರೈಡಿಗೆ ಹೋದಾಗಲೆಲ್ಲ ಒಬ್ಬಳನ್ನೋ ಇಬ್ಬರನ್ನೋ ಹೊಡೆದು ಬಂದೆ. ಗೆದ್ದೆವು. ನಮ್ಮ ಶಾಲೆಯ ಮಕ್ಕಳು ಕುಣಿದರು, ವಸಂತ್ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಗೆದ್ದ ಹಾಗೆ ಅನಿಸಲಿಲ್ಲ. ಬರಬೇಕಾದ ಮಾತು ಬಂದಿರಲಿಲ್ಲ. ಹೋದ ವರ್ಷದ ಸುಳ್ಳಿನ ಮೇಲೆ ಆ ಮನುಷ್ಯ ಇನ್ನೊಂದು ಸುಳ್ಳು ಕಟ್ಟಿ, ಅದರ ಮೇಲೆ ಆರಾಮಾಗಿ ನಿಂತಿದ್ದರು.

ಆಗ ಬ್ಯಾಗಿನೊಳಗಿನ ಎಲೆ ನೆನಪಾಯಿತು.

“ಲೇ, ಬನ್ರೆ ಎಲ್ರೂ,” ಅಂತ ಟೀಮನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದೆ. ಒಬ್ಬೊಬ್ಬರಿಗೂ ಎಲೆ ಹರಿದು ಕೊಟ್ಟೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಹೋದ ವರ್ಷ ಕೈ ಎತ್ತಿ ನಿಂತವರಲ್ಲಿ ಐದು ಜನ ಅಲ್ಲೇ ಇದ್ದರು. ಎಲೆಯನ್ನು ಅಂಗೈಯಲ್ಲಿಟ್ಟು ರಸ ಇಳಿಯುವ ತನಕ ಹೊಸೆದೆವು.

ಆಟ ಮುಗಿದ ಮೇಲೆ ಎದುರು ಟೀಮಿನ ಮೇಷ್ಟ್ರಿಗೆ ಕೈ ಕುಲುಕುವುದು ಪದ್ಧತಿ. ಮೊದಲು ನಾನು ಹೋದೆ. ಎರಡೂ ಕೈಯಿಂದ ಚೆಲುವರಾಜು ಮೇಷ್ಟ್ರ ಬಲಗೈ ಹಿಡಿದುಕೊಂಡೆ.

“ಚೆನ್ನಾಗಿ ಆಡ್ಸುದ್ರಿ ಸಾರ್,” ಅಂದೆ.

ಮುಟ್ಟಿದ ಕೂಡಲೇ ಅವರಿಗೆ ಗೊತ್ತಾಯಿತು. ಬ್ಯಾರನ್ನಿನ ಮನೆಯ ಮಗ, ಗೊತ್ತಾಗದೆ ಇರುತ್ತದಾ? ಕೈ ಎಳೆದುಕೊಳ್ಳಲು ನೋಡಿದರು. ನಾನು ಬಿಡಲಿಲ್ಲ, ಹಿಡಿದದ್ದನ್ನು ಬಿಡದಿರುವುದೇ ನಮ್ಮ ಆಟ. ಸುತ್ತ ಮೇಷ್ಟ್ರುಗಳೆಲ್ಲ ‘ಎಷ್ಟು ಸಂಸ್ಕಾರ ನೋಡ್ರಿ ಹಳ್ಳಿ ಮಕ್ಕಳಿಗೆ’ ಅನ್ನುತ್ತಿದ್ದರು. ನನ್ನ ಹಿಂದೆ ಆರು ಹುಡುಗಿಯರು ಸಾಲಾಗಿ ನಗುನಗುತ್ತಾ ಕೈ ಚಾಚಿ ನಿಂತಿದ್ದರು. ಅಷ್ಟು ಜನರ ಎದುರು ಅವರು ಯಾರ ಕೈಯನ್ನು ಬೇಡ ಅನ್ನಬೇಕು? ಏಳು ಹುಡುಗಿಯರ ಕೈ ಕುಲುಕಿದರು.

ಅವರು ಪ್ಯಾಂಟಿಗೆ ಒರೆಸಿಕೊಂಡರು, ಬಿಳೀ ಪ್ಯಾಂಟಿನ ಮೇಲೆ ಹಸಿರು ಬರೆ ಬಿತ್ತು. ನಲ್ಲಿಗೆ ಹೋಗಿ ಸೋಪು ಹಾಕಿ ಉಜ್ಜಿದರು, ಧೂಳಿನ ಗಾಳಿಗೆ ಇನ್ನಷ್ಟು ಕಪ್ಪಾಯಿತು. ಅಷ್ಟರಲ್ಲಿ ಬಹುಮಾನ ವಿತರಣೆಗೆ ಕರೆದರು. ಕಂಠಪ್ಪ ಮೇಷ್ಟ್ರು ಒಂದು ಕೈಯಲ್ಲಿ ಮೈಕು ಹಿಡಿದು ಹೆಸರು ಓದುತ್ತಾ ಇನ್ನೊಂದು ಕೈಯಿಂದ ಕೈ ಕುಲುಕುತ್ತಿದ್ದರು. ಎರಡನೇ ಸ್ಥಾನಕ್ಕೆ ಚೆಲುವರಾಜು ಮೇಷ್ಟ್ರು ಮೇಲೆ ಹತ್ತಿದರು. ಕೈ ಹಿಡಿದ ಕಂಠಪ್ಪ ಮೇಷ್ಟ್ರು ಹೋದ ವರ್ಷದ ಹಾಗೇ ಬೆಚ್ಚಿಬಿದ್ದು ಹಿಂದಕ್ಕೆಳೆದುಕೊಂಡರು. ಮೈಕು ಬಾಯಿಯ ಹತ್ತಿರವೇ ಇತ್ತು.

“ಏನ್ರೀ ಇದು! ನೀವೂ ಅಂಟು ಬಳ್ಕೊಂಡು ಬಂದಿದೀರಾ?”

ಇಡೀ ಮೈದಾನ ಘೊಳ್ಳೆಂದಿತು. ಚೆಲುವರಾಜು ಮೇಷ್ಟ್ರ ಮುಖ ಕೆಂಪೇರಿತು. ಅವಮಾನದಲ್ಲಿ ಮನುಷ್ಯನಿಗೆ ಸುಳ್ಳು ಹೊಳೆಯುವುದಿಲ್ಲ, ನಿಜವೇ ಬಾಯಿಗೆ ಬರುತ್ತದೆ.

“ಅಯ್ಯೋ, ಬಳ್ಕೊಳ್ಳೋದೇನ್ ಸಾರ್! ಇದು ಹೊಗೆಸೊಪ್ಪಿನ ಅಂಟು. ಸೊಪ್ಪು ಮುಟ್ಟಿದವರ ಕೈಗೆಲ್ಲ ಹತ್ತುತ್ತೆ, ಸೋಪು ಹಾಕಿದ್ರೂ ಹೋಗಲ್ಲ. ಇದ್ರಲ್ಲಿ ಮೋಸ ಏನ್ ಬಂತು?”

ಮೈಕು ಇಬ್ಬರ ನಡುವೆಯೇ ಇತ್ತು, ಸ್ಪೀಕರುಗಳು ಆ ಮಾತನ್ನೂ ಊರಾಚೆಯ ಹೊಲದ ತನಕ ಕೇಳಿಸಿದವು. ನಗು ನಿಂತಿತು. ಹೋದ ವರ್ಷ ನಮ್ಮನ್ನು ನೋಡಿ ನಕ್ಕಿದ್ದವರೆಲ್ಲ ಅಲ್ಲೇ ಇದ್ದರು. ಗೆರೆಯ ಆಚೆ ನಿಂತಿದ್ದ ನಮ್ಮ ವಸಂತ್ ಮೇಷ್ಟ್ರು, ವರ್ಷವಿಡೀ ತಲೆ ತಗ್ಗಿಸಿಕೊಂಡು ಓಡಾಡಿದ್ದ ಆ ಸಾಧು ಮನುಷ್ಯ, ಗಂಟಲು ಸರಿಮಾಡಿಕೊಂಡು ಕೂಗಿದರು:

“ಇನ್ನೊಂದ್ಸಲ ಹೇಳಿ ಸಾರ್. ಹಿಂದಿನವರಿಗೆ ಕೇಳಿಸ್ಲಿಲ್ಲ.”

ಕಂಠಪ್ಪ ಮೇಷ್ಟ್ರು ಮೈಕು ಕೆಳಗಿಳಿಸಿ ಚೆಲುವರಾಜು ಮೇಷ್ಟ್ರನ್ನೇ ನೋಡಿದರು. “ಹಂಗಾದ್ರೆ ಹೋದ ವರ್ಷ ನಂಗ್ಯಾಕೆ ಹೇಳ್ಲಿಲ್ಲ ನೀವು? ಆ ಮರದ ಕೆಳಗೆ ಕೂತಿರೋ ಹುಡುಗೀನ ಇವತ್ತು ಯಾಕೆ ಕೂರಿಸಿದ್ರಿ?” ಕಪ್ಪನ್ನು ಎಡಗೈಯಲ್ಲಿ ಇಸಿದುಕೊಂಡು ಮೆಟ್ಟಿಲಿಳಿದ ಆ ಮನುಷ್ಯನನ್ನು ನಾನು ಕಣ್ತುಂಬ ನೋಡಿದೆ. ನನ್ನ ಹೊಟ್ಟೆ ತಣ್ಣಗಾಯಿತು. ವರ್ಷದ ಉರಿ ಅಷ್ಟೂ ಇಳಿಯಿತು. ಯಾರು ಏನೇ ಹೇಳಲಿ, ಅಷ್ಟು ಸುಖ ನನಗೆ ಯಾವ ಕಪ್ಪಿನಲ್ಲೂ ಸಿಕ್ಕಿಲ್ಲ.

ಕಪ್ಪು ಹಿಡಿಯುವ ಮೊದಲು ಕೈ ತೊಳೆಯಬೇಕಲ್ಲ, ಎಲ್ಲರೂ ನಲ್ಲಿಗೆ ಹೋದೆವು. ಉಳಿದ ಟೊಮೆಟೊ ಕಾಯಿಗಳನ್ನು ಕಟ್ಟೆಯ ಮೇಲೆ ಸುರಿದು ಹಿಸುಕುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಗೌತಮಿ. ಅವಳೂ ಕೈ ತೊಳೆಯಲು ಬಂದಿದ್ದಳು. ಕಾಯಿಗಳನ್ನು ನೋಡಿದಳು. ಗೋಲಿಯಷ್ಟು ಸಣ್ಣವನ್ನೂ ನೋಡಿದಳು.

“ಸಾರಿಗೆ ಆಕ್ಬುಟ್ಟೊ ಅಂದೆ.”

ನಾನು ಒಂದು ಕಾಯಿ ಎತ್ತಿ ಅವಳ ಮುಂದೆ ಹಿಡಿದೆ. “ತಗ ಕಣೆ. ಆ ಮೇಷ್ಟ್ರ ಬಾಯಿಂದ ಆ ಮಾತು ಆಡಸ್ಬೇಕಾಗಿತ್ತು. ನಿನ್ಗೂ ಆಗಿತ್ತಲ್ಲ ಅವಮಾನ, ನಿನ್ ಪರ್ವಾಗೂ...”

ಅವಳು ತೆಗೆದುಕೊಳ್ಳಲಿಲ್ಲ. ಆ ಕಪ್ಪು ಕೈಯಲ್ಲೇ ಬ್ಯಾಗು ಎತ್ತಿಕೊಂಡು ಹೋಗಿ ಹಳದಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಳು.

ಮಾರನೇ ದಿನ ಭಾನುವಾರ. ಶನಿವಾರ ಸಂಜೆ ಮುರಿದು ತಂದ ಇನ್ನೊಂದಿಷ್ಟು ಸೊಪ್ಪನ್ನು ನಮ್ಮ ಬ್ಯಾರನ್ನಿಗೆ ಕಟ್ಟುವುದಿತ್ತು. ನಾನು ಕಣ್ಣುಜ್ಜಿಕೊಂಡು ಹೋದಾಗ ಗೌತಮಿ ಆಗಲೇ ಅಲ್ಲಿ ಕೂತು ಕಟ್ಟುತ್ತಿದ್ದಳು. ಕರೆದವರು ಯಾರೂ ಇಲ್ಲ. ಅವ್ವ ಮಾತ್ರ “ಬಂಗಾರದಂತ ಮಗು ಕಣೆ, ತಾನೇ ಬಂದವ್ಳೆ ನೋಡು, ನಿಮ್ಮಿಬ್ರುದೂ ರಾಜಿ ಆಯ್ತಾ?” ಅಂತ ಹಿಗ್ಗಿ ಅವಳಿಗೆ ದೊಡ್ಡ ಲೋಟದಲ್ಲಿ ಕಾಪಿ ತಂದುಕೊಟ್ಟಳು.

ನಾನು ಎದುರಿಗೆ ಕೂತೆ. ಗೌತಮಿ ತಲೆ ಎತ್ತದೆ ಹೇಳಿದಳು:

“ಫೀಸ್ ಕಟ್ಟಂಗಿದ್ರೆ ಇರು, ಇಲ್ದಿದ್ರೆ ಬುಡು ಅಂದ್ರು ಆ ಮೇಷ್ಟ್ರು. ನಮ್ಮವ್ವ ರಾತ್ರಿ ಊಟ ಮಾಡ್ಲಿಲ್ಲ.”

ಅವಳು ಕಡ್ಡಿ ತುಂಬಿಸಿ ಪಕ್ಕಕ್ಕಿಟ್ಟು ಇನ್ನೊಂದು ಕಡ್ಡಿ ಎಳೆದುಕೊಂಡಳು. ಸೊಪ್ಪು ಮುಗಿಯುವ ತನಕ ಹಾಗೇ ಕಟ್ಟಿದಳು. ಆಮೇಲೆ ಎದ್ದು ಲಂಗ ಕೊಡವಿಕೊಂಡು, ನನಗಲ್ಲ, ಅವ್ವನಿಗೆ ಹೇಳಿದಳು.

“ಅತ್ತೆ, ನೆನ್ನೆಗೆ ನಮ್ ಮನೆ ಮುಯ್ಯಾಳು ತೀರ್ತು. ಇವತ್ತಿಂದು ನಿಮ್ಮ ಮ್ಯಾಲೈತೆ. ಗುರುವಾರ ಬೆಳಗ್ಗೆ ನಮ್ಮ ಬ್ಯಾರನ್ ತುಂಬ್ತೀವಿ. ಸಿಂಧುನ ಕಳ್ಸಿ.”

ಹೋಬಳಿ ಗೆದ್ದ ನಮಗೆ ಗುರುವಾರ ಹುಣಸೂರಿನಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ. ಅಲ್ಲಿ ಕಂಠಪ್ಪ ಮೇಷ್ಟ್ರೂ ಇರುವುದಿಲ್ಲ, ನಮ್ಮ ಹೋಬಳಿಯ ಜನವೂ ಇರುವುದಿಲ್ಲ. ಎಲ್ಲಿಂದಲೋ ಬಂದ ಅಂಪೈರುಗಳು ಎಲ್ಲರ ಕೈ ಮುಟ್ಟಿ ನೋಡುತ್ತಾರೆ. ಗೌತಮಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

“ಅದಕ್ಕೇನವ್ವ, ಕಳುಸ್ತೀನಿ,” ಅಂದಳು ಅವ್ವ ಬ್ಯಾರನ್ನಿನ ಒಳಗಿನಿಂದಲೇ. “ನೀನು ಆಟದ ದಿನ ಬಂದಿದ್ದೆ, ಅವಳು ಬರ್ದೆ ಇದ್ದಾಳಾ?”

ಗೌತಮಿ ಆಗ ನನ್ನ ಮುಖ ನೋಡಿದಳು. ಖಾಲಿ ನಿಂತ ಟೊಮೆಟೊ ಗಿಡಗಳ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

“ನಮ್ಮ ಹೊಲ್ದಲ್ಲಿ ಟೊಮೆಟೊ ಇಲ್ಲ ಕಣೆ,” ಅಂದಳು.

“ಗೊತ್ತು,” ಅಂದೆ. “ಬತ್ತೀನಿ.”